ಪ್ರತಿಯೆತ್ತುವ ವಿದ್ಯೆ, ಬರೆಯುವ ವಿದ್ಯೆ

ಕಂಪ್ಯೂಟರಿಗೆ ಫೋನನ್ನು ಕೇಬಲಿನಿಂದ ಜೋಡಿಸಿ, ಅದರೊಳಗಣ ಫರ್ಮ್‌ವೇರನ್ನು ಅಳಿಸಿ ಹೊಸದಾಗಿ ಬರೆಯುವ ಕೆಲಸಕ್ಕೆ ನಮ್ಮ ಊರುಗಳ ಮೊಬೈಲ್ ಅಂಗಡಿಗಳಲ್ಲಿ ‘ಸಾಫ್ಟ್‌ವೇರ್ ಹಾಕುವುದು’ ಎಂದೂ ‘ಫ್ಲ್ಯಾಶ್ ಮಾಡುವುದು’ ಎಂದೂ ಹೆಸರುಂಟು. ಲೋಗೋ ತೋರಿಸಿ ಅಲ್ಲಿಯೇ ನಿಂತುಬಿಟ್ಟ ಫೋನಿಗಾಗಲಿ, ತೆರೆಯುವ ಸಂಕೇತವನ್ನು ಒಡೆಯನೇ ಮರೆತು ಕೈಗೆ ಬಾರದಂತಾದ ಫೋನಿಗಾಗಲಿ, ಅರ್ಧದಲ್ಲಿ ಕೆಟ್ಟ ಅಪ್‌ಡೇಟಿನಿಂದ ‘ಡೆಡ್’ ಆದ ಫೋನಿಗಾಗಲಿ ಇದೊಂದೇ ಚಿಕಿತ್ಸೆಯೆಂಬ ನಂಬಿಕೆ ಗಿರಾಕಿಗಳಲ್ಲಿ ಬೇರೂರಿರುವುದರಿಂದ, ಈ ಕಸುಬಿನ ಇನ್ನೊಂದು ಅಂಗವು, ಎಂದರೆ ಅಳಿಸುವುದಕ್ಕೆ ಮುನ್ನ ಒಳಗಿದ್ದುದನ್ನು ಓದಿ ಕಂಪ್ಯೂಟರಿನಲ್ಲಿ ಅದರ ಪ್ರತಿಯನ್ನು ಎತ್ತಿಟ್ಟುಕೊಳ್ಳುವ ವಿದ್ಯೆಯು, ಜನರ ಲಕ್ಷ್ಯಕ್ಕೆ ಬಂದುದು ಕಡಮೆ. ಬರೆಯುವ ಉಪಕರಣವೂ ಓದುವ ಉಪಕರಣವೂ ಆರಂಭದಲ್ಲಿ ಒಂದೇ ಆಗಿದ್ದುವು. ಒಂದೇ ಕೇಬಲು, ಒಂದೇ ತಂತ್ರಾಂಶ, ಒಬ್ಬನೇ ಕಸುಬುದಾರ. ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿದು, ಒಂದು ತಯಾರಕರ ಮನ್ನಣೆಯನ್ನು ಪಡೆದು ಸುಲಭಸಾಧ್ಯವಾಯಿತು, ಇನ್ನೊಂದು ದಿನೇ ದಿನೇ ದುಸ್ಸಾಧ್ಯವಾಗುತ್ತ ಬಂದಿತು. ಈ ಅಗಲಿಕೆಯ ಕಥೆಯೇ ಈ ಕಸುಬಿನ ನಿಜವಾದ ಇತಿಹಾಸವೆಂದು ನನಗೆ ತೋರುತ್ತದೆ.

ಮೂಲವನ್ನು ಅರಸುವವರು ಫೋನಿಗಿಂತಲೂ ಹಿಂದಕ್ಕೆ ಹೋಗಬೇಕು. ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ ಅವರು ೧೯೭೧ರಲ್ಲಿ ಲೋಕಕ್ಕಿತ್ತ ಇಪ್ರಾಮ್ ಎಂಬ ಚಿಪ್ಪಿನ ನೆತ್ತಿಯಲ್ಲಿ ಸ್ಫಟಿಕದ ಪುಟ್ಟದೊಂದು ಕಿಟಕಿ ಇರುತ್ತಿತ್ತು. ಒಳಗಿನ ಬರಹವನ್ನು ಅಳಿಸಬೇಕಾದರೆ ಚಿಪ್ಪನ್ನು ಅದರ ಸ್ಥಾನದಿಂದ ಕಿತ್ತು, ಆ ಕಿಟಕಿಯ ಮೂಲಕ ನೇರಳಾತೀತ ಕಿರಣಗಳನ್ನು ಹಲವು ನಿಮಿಷ ಹಾಯಿಸಿ, ಬಳಿಕ ಪ್ರತ್ಯೇಕ ಯಂತ್ರವೊಂದರಲ್ಲಿ ಕೂರಿಸಿ ಹೊಸತನ್ನು ಬರೆಯಬೇಕಾಗಿತ್ತು. ಇಂಥ ಚಿಪ್ಪೇ ಫೋನಿನಲ್ಲಿಯೂ ಉಳಿದುಬಂದಿದ್ದರೆ ಅದರ ಬರಹವನ್ನು ತಿದ್ದುವ ಅಂಗಡಿಗಳು ಹುಟ್ಟುತ್ತಲೇ ಇರಲಿಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಅವರು ೧೯೮೪ರಲ್ಲಿ ವಿದ್ವಾಂಸರ ಮುಂದಿಟ್ಟ ಫ್ಲ್ಯಾಶ್ ಸ್ಮೃತಿಯೂ, ೧೯೮೭ರಲ್ಲಿ ಅದೇ ಸಂಸ್ಥೆಯಿಂದ ಪ್ರಕಟವಾದ ನ್ಯಾಂಡ್ ಎಂಬ ಅದರ ಪ್ರಭೇದವೂ ಈ ತೊಡಕನ್ನು ನಿವಾರಿಸಿದುವು. ವಿದ್ಯುತ್ತಿನಿಂದಲೇ ದೊಡ್ಡ ದೊಡ್ಡ ಖಂಡಗಳನ್ನು ಒಮ್ಮೆಗೇ ಅಳಿಸಬಹುದಾದ ಈ ಸ್ಮೃತಿಗೆ ಒಂದು ನಿಯಮವುಂಟು: ಬರೆದುದರ ಮೇಲೆ ಹಾಗೆಯೇ ಮತ್ತೆ ಬರೆಯಲಾಗದು, ಇಡಿಯ ಖಂಡವನ್ನು ಅಳಿಸಿದ ಮೇಲೆಯೇ ಅದರಲ್ಲಿ ಹೊಸ ಬರಹಕ್ಕೆ ಎಡೆ. ಆದುದರಿಂದ ಓದುವುದು ನಿರಪಾಯವಾದ ಕ್ರಿಯೆಯಾದರೆ ಬರೆಯುವುದು ವಿನಾಶದಿಂದಲೇ ಆರಂಭವಾಗುವ ಕ್ರಿಯೆ. ಅಳಿಸುವುದು ಮುಗಿದು ಬರೆಯುವುದು ಮುಗಿಯದ ಆ ನಡುವಣ ಅವಧಿಯಲ್ಲಿ ಕೇಬಲು ಅಲುಗಿದರೆ, ಅಥವಾ ಕರೆಂಟು ಹೋದರೆ, ಹಳೆಯದೂ ಇಲ್ಲ ಹೊಸದೂ ಇಲ್ಲ ಎಂಬ ಅವಸ್ಥೆ ಒದಗುತ್ತದೆ. ‘ಮೊದಲು ಬ್ಯಾಕಪ್, ಆಮೇಲೆ ಫ್ಲ್ಯಾಶ್’ ಎಂಬ ಕಸುಬಿನ ಪ್ರಥಮ ಪಾಠಕ್ಕೆ ಆಧಾರವು ಸಿಲಿಕಾನಿನ ಈ ಸ್ವಭಾವದಲ್ಲಿಯೇ ಇದೆ.

ಫೋನಿನ ಸ್ಮೃತಿಯೊಳಗೆ ಇರುವುದೆಲ್ಲವೂ ಒಂದೇ ಜಾತಿಯ ಬರಹವೂ ಅಲ್ಲ. ಫೋನನ್ನು ಎಚ್ಚರಿಸುವ ಬೂಟ್‌ಲೋಡರು, ಅದು ಎಬ್ಬಿಸುವ ಆಪರೇಟಿಂಗ್ ಸಿಸ್ಟಮ್ಮು, ಟವರುಗಳೊಡನೆ ವ್ಯವಹರಿಸುವ ಮೋಡೆಮಿನ ತಂತ್ರಾಂಶ, ಇವು ಒಂದು ಮಾದರಿಯ ಲಕ್ಷಾಂತರ ಫೋನುಗಳಲ್ಲಿ ಏಕಪ್ರಕಾರವಾಗಿರುವುದರಿಂದ, ಒಂದರಲ್ಲಿ ಕೆಟ್ಟುದನ್ನು ಇನ್ನೊಂದರಿಂದ ಪಡೆದು ತುಂಬಬಹುದು. ಆದರೆ ಫೋನನ್ನು ಗುರುತಿಸುವ ೧೫ ಅಂಕಿಗಳ ಐ.ಎಂ.ಇ.ಐ. ಸಂಖ್ಯೆ, ಕಾರ್ಖಾನೆಯಲ್ಲಿ ಆ ಒಂದು ಫೋನಿನ ರೇಡಿಯೊ ಭಾಗವನ್ನು ಅಳೆದು ನಮೂದಿಸಿಟ್ಟ ಹೊಂದಾಣಿಕೆಯ ಅಂಕಿಗಳು, ಆ ಫೋನಿಗೆಂದೇ ಸೃಷ್ಟಿಸಿದ ಗುಪ್ತಲಿಪಿಯ ಕೀಲಿಗಳು, ಇವುಗಳಿಗೆ ಜಗತ್ತಿನಲ್ಲಿ ಮತ್ತೊಂದು ಪ್ರತಿಯಿಲ್ಲ. ಒಂದು ತಕ್ಕಡಿಗೆ ಕಟ್ಟಿದ ಧಡೆ ಇನ್ನೊಂದು ತಕ್ಕಡಿಗೆ ಒದಗದಂತೆ, ಒಂದು ಫೋನಿನ ಅಳತೆ ಇನ್ನೊಂದಕ್ಕೆ ಒದಗುವುದಿಲ್ಲ. ಸಾಮಾನ್ಯವಾದುದನ್ನು ಬರೆಯುವಾಗ ಅನನ್ಯವಾದುದು ನಾಶವಾಗದಂತೆ ನೋಡಿಕೊಳ್ಳುವುದೇ ಒಳ್ಳೆಯ ಕಸುಬುದಾರನ ಲಕ್ಷಣವಾಗಿತ್ತು.

ಈ ಕಸುಬು ಬೀದಿಗೆ ಬಂದುದು ನೋಕಿಯಾ ಫೋನುಗಳ ಕಾಲದಲ್ಲಿ. ೨೦೦೦ದಲ್ಲಿ ಹೊರಬಂದ ೩೩೧೦ರಂಥ ಫೋನಿನ ಬ್ಯಾಟರಿಯನ್ನು ತೆಗೆದರೆ ಕೆಳಗೆ ಲೋಹದ ಸಣ್ಣ ಬಿಂದುಗಳು ಕಾಣುತ್ತಿದ್ದುವು. ಎಂ-ಬಸ್ ಮತ್ತು ಎಫ್-ಬಸ್ ಎಂಬ ಎರಡು ಸಂಪರ್ಕಮಾರ್ಗಗಳು ಅಲ್ಲಿಗೆ ಬಂದು ಸೇರುತ್ತಿದ್ದುವು. ಕಂಪನಿಯ ಸೇವಾಕೇಂದ್ರಗಳಲ್ಲಿ ಮೊದಲು ವಿನ್‌ಟೆಸ್ಲಾ, ತರುವಾಯ ಫೀನಿಕ್ಸ್ ಎಂಬ ತಂತ್ರಾಂಶಗಳು ಈ ಮಾರ್ಗದಿಂದ ಫೋನಿನ ಒಳಹೊಕ್ಕು ಪರೀಕ್ಷಿಸುವ, ತಿದ್ದುವ, ಬರೆಯುವ ಕೆಲಸಗಳನ್ನು ಮಾಡುತ್ತಿದ್ದುವು. ಆದರೆ ಅವು ಹೊರಗಿನ ರಿಪೇರಿಯವರಿಗೆಂದು ಮಾರಾಟಕ್ಕಿಟ್ಟ ಸರಕಾಗಿರಲಿಲ್ಲ. ಈ ಕೊರತೆಯನ್ನು ತುಂಬಲು ಹುಟ್ಟಿದುವು ‘ಬಾಕ್ಸು’ಗಳು. ಯು.ಎಫ್.ಎಸ್., ಗ್ರಿಫಿನ್, ಜೆ.ಎ.ಎಫ್. ಮೊದಲಾದ ಹೆಸರುಗಳ ಈ ಪುಟ್ಟ ಪೆಟ್ಟಿಗೆಗಳು ಒಂದು ಕಡೆ ಕಂಪ್ಯೂಟರಿಗೂ, ಇನ್ನೊಂದು ಕಡೆ ಮಾದರಿಗೊಂದರಂತೆ ಗೊಂಚಲುಗಟ್ಟಿದ ಕೇಬಲುಗಳ ಮೂಲಕ ಫೋನಿಗೂ ಕೂಡಿಕೊಂಡು, ಕಂಪನಿಯ ತಂತ್ರಾಂಶವು ಮಾಡುತ್ತಿದ್ದುದನ್ನೂ ಅದು ಮಾಡಲೊಲ್ಲದಿದ್ದುದನ್ನೂ ಮಾಡಿಕೊಡುತ್ತಿದ್ದುವು. ಬೆಂಗಳೂರಿನ ಎಸ್.ಪಿ. ರಸ್ತೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟುಗಳಂಥ ಪೇಟೆಗಳಲ್ಲಿ ಸಾಲ್ಡರಿಂಗ್ ಕಡ್ಡಿಯಷ್ಟೇ ಸಹಜವಾಗಿ ಬಾಕ್ಸು ರಿಪೇರಿ ಮೇಜಿನ ಮೇಲೆ ಸ್ಥಾನ ಪಡೆಯಿತು. ಪರರ ಫೋನಿನ ರಹಸ್ಯವನ್ನು ಭೇದಿಸಿ ಹುಟ್ಟಿದ ಈ ಉಪಕರಣಗಳಲ್ಲಿ ಅನೇಕವು, ತಮ್ಮನ್ನು ಯಾರೂ ನಕಲು ಮಾಡದಿರಲೆಂದು ತಮ್ಮೊಳಗೆ ಒಂದು ಸ್ಮಾರ್ಟ್ ಕಾರ್ಡನ್ನು ಅಡಗಿಸಿಟ್ಟುಕೊಂಡಿದ್ದುವೆಂಬುದು ಈ ಇತಿಹಾಸದ ವಿನೋದಗಳಲ್ಲೊಂದು.

ಬಾಕ್ಸಿನ ತಂತ್ರಾಂಶದಲ್ಲಿ ಬರೆಯುವ ಗುಂಡಿಯ ನೆರೆಯಲ್ಲಿಯೇ ಓದುವ ಗುಂಡಿಯೂ ಇರುತ್ತಿತ್ತು. ನೋಕಿಯಾ ಫೋನುಗಳಲ್ಲಿ ‘ಪಿ.ಎಂ.’ ಎಂದು ಕರೆಯಲ್ಪಡುತ್ತಿದ್ದ ಶಾಶ್ವತ ಸ್ಮೃತಿಯ ಭಾಗವನ್ನು ಮೊದಲು ಓದಿ, ಚಿಕ್ಕದೊಂದು ಫೈಲಾಗಿ ಕಂಪ್ಯೂಟರಿನಲ್ಲಿ ಉಳಿಸಿಕೊಂಡ ರಿಪೇರಿಯವನಿಗೆ, ಮುಂದಿನ ಕೆಲಸ ಕೆಟ್ಟರೂ ಹಿಂದಿರುಗುವ ದಾರಿ ಇರುತ್ತಿತ್ತು. ಗಿರಾಕಿಯ ಅವಸರಕ್ಕೆ ಮಣಿದು ಆ ಹೆಜ್ಜೆಯನ್ನು ಬಿಟ್ಟವನ ಕೈಯಲ್ಲಿ, ಪರದೆ ಚೆನ್ನಾಗಿ ಬೆಳಗಿದರೂ ಸಿಗ್ನಲ್ಲನ್ನು ಮಾತ್ರ ಹಿಡಿಯದ ಫೋನು ಉಳಿಯುವ ಸಂಭವವಿತ್ತು.

ಅನನ್ಯವಾದ ಬರಹಕ್ಕೆ ರಾಜ್ಯವು ಕೊಡುವ ಬೆಲೆ ಎಷ್ಟೆಂಬುದು ನಮ್ಮ ದೇಶದಲ್ಲಿ ತಿಳಿದುದು ೨೦೦೯ರಲ್ಲಿ. ಜನರು ‘ಚೀನಾ ಸೆಟ್’ ಎಂದು ಕರೆಯುತ್ತಿದ್ದ ಅಗ್ಗದ ಫೋನುಗಳಲ್ಲಿ ಎಷ್ಟೋ ಫೋನುಗಳು ಐ.ಎಂ.ಇ.ಐ. ಸಂಖ್ಯೆಯೇ ಇಲ್ಲದೆ, ಅಥವಾ ಸಂಖ್ಯೆಯ ಸ್ಥಾನದಲ್ಲಿ ಬರಿಯ ಸೊನ್ನೆಗಳನ್ನು ಹೊತ್ತು ಬಂದಿದ್ದುವು. ಅಂಥ ಫೋನುಗಳ ಕರೆಗಳನ್ನು ೨೦೦೯ರ ಡಿಸೆಂಬರ್ ೧ರಿಂದ ತಡೆಯತಕ್ಕದ್ದೆಂದು ಭಾರತ ಸರ್ಕಾರವು ಮೊಬೈಲ್ ಸೇವಾ ಕಂಪನಿಗಳಿಗೆ ಆಜ್ಞಾಪಿಸಿದಾಗ, ಕಂಪನಿಗಳ ಸಂಘವೇ ಮುಂದಾಗಿ, ಗಡುವು ಮುಗಿಯುವ ಮೊದಲು ಇಂಥ ಫೋನುಗಳಿಗೆ ಸಕ್ರಮವಾದ ಸಂಖ್ಯೆಯನ್ನು ಬರೆದುಕೊಡುವ ವ್ಯವಸ್ಥೆಯನ್ನು ಏರ್ಪಡಿಸಿತು. ಕೆಲವು ತಿಂಗಳ ಮಟ್ಟಿಗೆ ಕಂಪ್ಯೂಟರಿನಿಂದ ಐ.ಎಂ.ಇ.ಐ. ಬರೆಯುವುದು ಲೋಕೋಪಕಾರದ ಕಾರ್ಯವಾಗಿತ್ತು. ೨೦೧೭ರಲ್ಲಿ ಹೊರಬಿದ್ದ ನಿಯಮಗಳಾದರೊ, ಆ ಸಂಖ್ಯೆಯನ್ನು ಅನ್ಯರು ತಿದ್ದುವುದನ್ನು ಮೂರು ವರ್ಷಗಳವರೆಗೆ ಸೆರೆಮನೆಗೆ ದೂಡಬಲ್ಲ ಅಪರಾಧವನ್ನಾಗಿ ಮಾಡಿದುವು. ಎಂಟು ವರ್ಷಗಳ ಅಂತರದಲ್ಲಿ ಒಂದೇ ಕ್ರಿಯೆಯು ಪುಣ್ಯದ ಪಂಕ್ತಿಯಿಂದ ಪಾಪದ ಪಂಕ್ತಿಗೆ ಇಳಿಯಿತು.

ಅಂಗಡಿಯ ಮೆಟ್ಟಿಲನ್ನೇ ಹತ್ತದೆ ಬಳಕೆದಾರನೇ ಕಸುಬುದಾರನಾದುದು ಆಂಡ್ರಾಯ್ಡಿನ ಕಾಲದಲ್ಲಿ. ೨೦೦೮ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟಿ-ಮೊಬೈಲ್ ಜಿ೧ ಎಂಬ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ, ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವೂ ಕಣ್ಣಿಗೆ ಕಾಣದಂತೆ ಸರ್ವಾಧಿಕಾರವುಳ್ಳ ಆಜ್ಞಾದ್ವಾರವೊಂದಕ್ಕೂ ತಲಪುತ್ತಿದ್ದಿತು. ಸ್ನೇಹಿತನಿಗೆ ಸಂದೇಶ ಬರೆಯುತ್ತ ‘ರೀಬೂಟ್’ ಎಂಬ ಆಂಗ್ಲ ಪದವೊಂದನ್ನೇ ಒಂದು ಸಾಲಾಗಿ ಒತ್ತಿದರೆ ಫೋನು ನಿಜವಾಗಿಯೂ ಪುನರಾರಂಭಗೊಳ್ಳುತ್ತಿತ್ತು. ನವೆಂಬರಿನಲ್ಲಿ ಈ ದೋಷವು ಬೆಳಕಿಗೆ ಬಂದು, ತಯಾರಕರು ಅದನ್ನು ಮುಚ್ಚಿದ ಮೇಲೆಯೂ, ಉತ್ಸಾಹಿಗಳು ಹಳೆಯ ಫರ್ಮ್‌ವೇರನ್ನೇ ಮತ್ತೆ ಬರೆದು, ಆ ಕಂಡಿಯಿಂದ ಒಳಹೊಕ್ಕು, ‘ರೂಟ್’ ಅಧಿಕಾರವನ್ನು ಪಡೆದು, ರಿಕವರಿ ಎಂಬ ಭಾಗದಲ್ಲಿ ತಮ್ಮದೇ ತಂತ್ರಾಂಶವನ್ನು ಕೂರಿಸಿಕೊಂಡರು. ಹಾಗೆ ಪಡೆದ ಅಧಿಕಾರದ ಮೊದಲ ಫಲಗಳಲ್ಲಿ ಒಂದು ನ್ಯಾಂಡ್ರಾಯ್ಡ್ ಎಂಬ ಬ್ಯಾಕಪ್ ಕ್ರಮ: ನ್ಯಾಂಡ್ ಸ್ಮೃತಿಯ ವಿಭಾಗಗಳನ್ನು ಒಂದೊಂದಾಗಿ ಯಥಾವತ್ತಾಗಿ ಓದಿ, ಇಡಿಯ ಫೋನನ್ನು ಇದ್ದ ಸ್ಥಿತಿಯಲ್ಲಿಯೇ ಫೈಲುಗಳನ್ನಾಗಿ ಮಾಡಿ ಎತ್ತಿಡುವ ಈ ಕ್ರಮವು, ಮೊದಲಿಗೆ ಕಂಪ್ಯೂಟರಿನಿಂದ ನಡೆಯುತ್ತಿದ್ದು, ಮುಂದೆ ಕ್ಲಾಕ್‌ವರ್ಕ್‌ಮಾಡ್ ಮತ್ತು ಟಿ.ಡಬ್ಲ್ಯು.ಆರ್.ಪಿ. ಎಂಬ ರಿಕವರಿಗಳ ಅಂಗವಾಗಿ, ಅವುಗಳೊಡನೆ ಲೋಕವ್ಯಾಪಿಯಾಯಿತು.

ಪ್ರತಿಯೆತ್ತುವ ವಿದ್ಯೆಯು ಕಾನೂನಿನ ತೊಡಕೊಂದನ್ನು ಬಿಡಿಸಿದ ಪ್ರಸಂಗವೂ ಈ ಕಾಲಕ್ಕೇ ಸೇರಿದುದು. ಸ್ಟೀವ್ ಕಾಂಡಿಕ್ ಅವರು ಸಿದ್ಧಪಡಿಸುತ್ತಿದ್ದ ಸಯಾನೊಜೆನ್‌ಮಾಡ್ ಎಂಬ ಫರ್ಮ್‌ವೇರಿನಲ್ಲಿ ಗೂಗಲಿನ ಸ್ವಾಮ್ಯದ ಅಪ್ಲಿಕೇಷನ್ನುಗಳೂ ಸೇರಿದ್ದುದರಿಂದ, ೨೦೦೯ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯು ವಿತರಣೆಯನ್ನು ನಿಲ್ಲಿಸಬೇಕೆಂದು ನೋಟೀಸು ಕಳುಹಿಸಿತು. ಆಗ ದೊರೆತ ಪರಿಹಾರವು ಸರಳವೂ ನ್ಯಾಯಸಮ್ಮತವೂ ಆಗಿತ್ತು: ಆ ಅಪ್ಲಿಕೇಷನ್ನುಗಳನ್ನು ಯಾರೂ ಹಂಚಬೇಕಾಗಿಲ್ಲ, ಫೋನನ್ನು ಕೊಂಡವನು ಅದರೊಡನೆ ಬಂದವನ್ನು ಮೊದಲು ಬ್ಯಾಕಪ್ ಮಾಡಿಟ್ಟುಕೊಂಡು, ಹೊಸ ಫರ್ಮ್‌ವೇರನ್ನು ಬರೆದ ಬಳಿಕ ತನ್ನದನ್ನು ತಾನೇ ಮರಳಿ ಹಾಕಿಕೊಳ್ಳಲಿ.

ಕನ್ನಡಿಗರಿಗೆ ಈ ವಿದ್ಯೆಯು ಒದಗಿದ ರೀತಿಯನ್ನೂ ಇಲ್ಲಿಯೇ ಹೇಳಬೇಕು. ೨೦೧೨ರಲ್ಲಿ ಆಂಡ್ರಾಯ್ಡ್ ೪.೧ ಆವೃತ್ತಿಯು ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲವನ್ನು ಸೇರಿಸಿಕೊಳ್ಳುವವರೆಗೆ, ಎಷ್ಟೋ ಫೋನುಗಳಲ್ಲಿ ಕನ್ನಡದ ಬರಹವು ಖಾಲಿ ಚೌಕಗಳ ಸಾಲಾಗಿ ಕಾಣುತ್ತಿತ್ತು. ಫಾಂಟುಗಳು ಇರುತ್ತಿದ್ದುದು ಬಳಕೆದಾರನ ಕೈಗೆ ನಿಲುಕದ ಸಿಸ್ಟಮ್ ವಿಭಾಗದಲ್ಲಿ. ಆದುದರಿಂದ ತನ್ನ ನುಡಿಯನ್ನು ತನ್ನ ಫೋನಿನಲ್ಲಿ ಓದಬೇಕೆಂಬಷ್ಟೇ ಆಸೆಯುಳ್ಳವನೂ, ಫೋನನ್ನು ರೂಟ್ ಮಾಡಿ, ಹಳೆಯ ಫಾಂಟು ಫೈಲನ್ನು ಎತ್ತಿಟ್ಟು, ಕನ್ನಡದ ಅಕ್ಷರಗಳುಳ್ಳ ಇನ್ನೊಂದನ್ನು ಅದರ ಜಾಗದಲ್ಲಿ ಕೂರಿಸಬೇಕಾಗಿತ್ತು. ಆ ಬಳಿಕವೂ ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ನಿಲ್ಲದೆ ಚದರಿದಂತೆ ಕಾಣುತ್ತಿದ್ದುದುಂಟು. ಆದರೂ ಚೌಕಗಳಿಗಿಂತ ಅದು ಲೇಸೆನಿಸುತ್ತಿತ್ತು.

ತಯಾರಕರೊಬ್ಬೊಬ್ಬರ ಒಳಮನೆಯ ಉಪಕರಣಗಳೂ ಇದೇ ವರ್ಷಗಳಲ್ಲಿ ಹೊರಗೆ ಸೋರಿಬಂದುವು. ಸ್ಯಾಮ್‌ಸಂಗಿನ ಓಡಿನ್ ಅವುಗಳಲ್ಲಿ ಪ್ರಸಿದ್ಧವಾದುದು. ಕಂಪನಿಯ ಒಳಬಳಕೆಗೆಂದೇ ಮಾಡಿದ್ದ ಈ ವಿಂಡೋಸ್ ತಂತ್ರಾಂಶವು ೨೦೧೦ರ ಗ್ಯಾಲಕ್ಸಿ ಎಸ್ ಫೋನಿನೊಡನೆ ಮನೆಮಾತಾಯಿತು. ಫೋನನ್ನು ಡೌನ್‌ಲೋಡ್ ಮೋಡಿಗೆ ತಂದು ಕೇಬಲು ಚುಚ್ಚಿದರೆ ಚೌಕವೊಂದು ಬಣ್ಣ ತಳೆಯುವುದು, ಕೆಲಸ ಮುಗಿದಾಗ ಹಸುರಿನಲ್ಲಿ ‘ಪಾಸ್’ ಎಂದು ಮೂಡುವುದು, ಇವು ಒಂದು ತಲೆಮಾರಿನ ಯುವಕರ ಉಸಿರು ಹಿಡಿಸಿದ ದೃಶ್ಯಗಳು. ಓಡಿನ್ ಫೋನಿನೊಡನೆ ಆಡುವ ಮಾತನ್ನು ಆಲಿಸಿ ಅರ್ಥಮಾಡಿಕೊಂಡ ಬೆಂಜಮಿನ್ ಡೋಬೆಲ್ ಅವರು ಅದೇ ವರ್ಷ ಹೈಮ್‌ಡಾಲ್ ಎಂಬ ಮುಕ್ತ ತಂತ್ರಾಂಶವನ್ನು ರಚಿಸಿದುದರಿಂದ, ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೂ ಆ ದಾರಿ ತೆರೆಯಿತು. ಈ ಫೋನುಗಳಲ್ಲಿ ಐ.ಎಂ.ಇ.ಐ. ಮುಂತಾದ ಅನನ್ಯ ಬರಹವು ಇ.ಎಫ್.ಎಸ್. ಎಂಬ ಪುಟ್ಟ ವಿಭಾಗದಲ್ಲಿರುತ್ತಿತ್ತು. ಆ ವಿಭಾಗವು ಹಾಳಾದರೆ ಫೋನು ತನ್ನ ಹೆಸರನ್ನೇ ಮರೆತಂತಾಗುತ್ತಿದ್ದುದರಿಂದ, ಅದರ ಪ್ರತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಮೇಲೆಯೇ ಮುಂದಿನ ಹೆಜ್ಜೆ ಎಂಬುದು ಅನುಭವಿಗಳ ನಿಯಮವಾಯಿತು. ಕಂಪನಿಯ ಪ್ರತ್ಯುತ್ತರವೂ ತಡವಾಗಲಿಲ್ಲ. ೨೦೧೩ರಿಂದ, ಅನಧಿಕೃತವಾದುದನ್ನು ಒಮ್ಮೆ ಬರೆದರೆ ಸಿಲಿಕಾನಿನೊಳಗಿನ ಸೂಕ್ಷ್ಮವಾದೊಂದು ಫ್ಯೂಸು ಸುಟ್ಟುಹೋಗಿ, ಮತ್ತೆಂದಿಗೂ ಅಳಿಸಲಾಗದ ಗುರುತು ಉಳಿಯುವ ನಾಕ್ಸ್ ವ್ಯವಸ್ಥೆಯನ್ನು ಅದು ಜಾರಿಗೆ ತಂದಿತು. ಯಾವ ಬ್ಯಾಕಪ್ಪಿನಿಂದಲೂ ಹಿಂದಕ್ಕೆ ತರಲಾಗದ ಘಟನೆಯೊಂದು ಈ ಕಸುಬನ್ನು ಪ್ರವೇಶಿಸಿದುದು ಹೀಗೆ.

ಭಾರತದ ಪೇಟೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದುದಾದರೊ ಮೀಡಿಯಾಟೆಕ್ ಚಿಪ್ಪುಗಳಿಗೆ ಸಂಬಂಧಿಸಿದ ಎಸ್.ಪಿ. ಫ್ಲ್ಯಾಶ್ ಟೂಲ್. ೨೦೧೨ರ ಮೈಕ್ರೋಮ್ಯಾಕ್ಸ್ ಕ್ಯಾನ್ವಾಸ್ ೨ರಂಥ ಫೋನುಗಳು ತೈವಾನಿನ ಆ ಸಂಸ್ಥೆಯ ಚಿಪ್ಪುಗಳನ್ನು ಹೊತ್ತು, ಮಿತವಾದ ಬೆಲೆಗೆ ನಮ್ಮ ಪಟ್ಟಣ ಹಳ್ಳಿಗಳನ್ನು ತುಂಬಿದಾಗ, ಅವುಗಳನ್ನು ನೆಚ್ಚಿದ ರಿಪೇರಿಯವರ ಕಂಪ್ಯೂಟರುಗಳಲ್ಲಿ ಈ ತಂತ್ರಾಂಶವೂ ನೆಲೆಸಿತು. ಇದರ ಕಾರ್ಯಕ್ರಮವು ನೋಡತಕ್ಕದ್ದು. ಸ್ವಿಚ್ ಆಫ್ ಮಾಡಿದ ಫೋನನ್ನು ಕೇಬಲಿಗೆ ಚುಚ್ಚಿದೊಡನೆ, ಚಿಪ್ಪಿನಲ್ಲಿ ಹುಟ್ಟಿನಿಂದಲೇ ಕೆತ್ತಲ್ಪಟ್ಟ ಬೂಟ್ ರೋಮ್ ಎಂಬ ಬರಹವು ಕ್ಷಣಕಾಲ ಕಂಪ್ಯೂಟರಿನ ಕರೆಗಾಗಿ ಕಾಯುತ್ತದೆ. ಆ ಕ್ಷಣದಲ್ಲಿ ಕಂಪ್ಯೂಟರು ‘ಡೌನ್‌ಲೋಡ್ ಏಜೆಂಟ್’ ಎಂಬ ಸಣ್ಣ ತಂತ್ರಾಂಶವನ್ನು ಫೋನಿನ ತಾತ್ಕಾಲಿಕ ಸ್ಮೃತಿಗೆ ಕಳುಹಿಸುತ್ತದೆ. ಆ ಮೇಲಿನ ಓದುಬರಹವೆಲ್ಲ ಅದರ ಮುಖಾಂತರ. ಯಾವ ವಿಭಾಗವು ಯಾವ ವಿಳಾಸದಲ್ಲಿ ಆರಂಭವಾಗುತ್ತದೆಂಬುದನ್ನು ಹೇಳುವ ‘ಸ್ಕ್ಯಾಟರ್’ ಫೈಲೆಂಬುದೊಂದು ಉಂಟು. ಅದು ಸಾಧಾರಣವಾದ ಪಠ್ಯದ ರೂಪದಲ್ಲಿದ್ದುದರಿಂದ ಯಾರು ಬೇಕಾದರೂ ತೆರೆದು ಓದಿ, ಫೋನಿನ ಅಂತರಂಗದ ನಕ್ಷೆಯನ್ನು ತಿಳಿಯಬಹುದಾಗಿತ್ತು. ‘ರೀಡ್‌ಬ್ಯಾಕ್’ ಎಂಬ ವಿಭಾಗದಲ್ಲಿ ಆ ವಿಳಾಸಗಳನ್ನು ಕೊಟ್ಟರೆ ಇಡಿಯ ಸ್ಮೃತಿಯನ್ನಾದರೂ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಬರೆಯುವ ವಿಭಾಗದಲ್ಲಿ ‘ಫಾರ್ಮ್ಯಾಟ್ ಆಲ್’ ಎಂಬುದನ್ನು ಆರಿಸಿದರೆ, ಐ.ಎಂ.ಇ.ಐ. ಮತ್ತು ರೇಡಿಯೊ ಅಂಕಿಗಳಿರುವ ಎನ್.ವಿ. ರಾಮ್ ಭಾಗವೂ ಸೇರಿ ಸಮಸ್ತವೂ ಅಳಿದುಹೋಗುವುದು. ಯಶಸ್ಸಿನ ಹಸುರು ವೃತ್ತವು ಮೂಡಿ, ಫೋನು ನಗುನಗುತ್ತ ಎದ್ದು, ಕೊನೆಗೆ ‘ಇನ್‌ವ್ಯಾಲಿಡ್ ಐ.ಎಂ.ಇ.ಐ.’ ಎಂದು ಉಸುರಿದಾಗಲೇ ಅವಸರಗಾರನಿಗೆ ತಾನು ಅಳಿಸಿದುದೇನೆಂಬುದು ತಿಳಿಯುತ್ತಿತ್ತು. ಓದುವ ಶಕ್ತಿ, ಬರೆಯುವ ಶಕ್ತಿ, ಕೆಡಿಸುವ ಶಕ್ತಿ ಮೂರನ್ನೂ ಒಂದೇ ಕಿಟಕಿಯಲ್ಲಿ, ಯಾರ ಅನುಮತಿಯನ್ನೂ ಕೇಳದೆ ಕೊಟ್ಟ ಈ ಉಪಕರಣವು ಈ ಕಸುಬಿನ ಸ್ವಾತಂತ್ರ್ಯದ ಪರಮಾವಧಿಯೆನ್ನಬಹುದು.

ಇದಕ್ಕೆ ಪ್ರತಿಕೂಲವಾದ ಪ್ರವಾಹವು ಅದಾಗಲೆ ಹರಿಯತೊಡಗಿತ್ತು. ೨೦೦೯ರ ಐಫೋನ್ ೩ಜಿಎಸ್‌ನಿಂದ ಮೊದಲ್ಗೊಂಡು ಆಪಲ್ ಸಂಸ್ಥೆಯು, ಫರ್ಮ್‌ವೇರಿನ ಫೈಲು ಕೈಯಲ್ಲಿದ್ದರೂ ಸಾಲದು, ಬರೆಯುವ ಪ್ರತಿಸಲವೂ ಆ ಒಂದು ಫೋನಿನ ಸಂಖ್ಯೆಗೆಂದೇ ತನ್ನ ಸರ್ವರಿನಿಂದ ಸಹಿ ಬರಬೇಕೆಂಬ ಕಟ್ಟಳೆಯನ್ನು ವಿಧಿಸಿತು. ಹಳೆಯ ಆವೃತ್ತಿಗಳಿಗೆ ಸಹಿ ಕೊಡುವುದನ್ನು ನಿಲ್ಲಿಸಿದೊಡನೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತಿತ್ತು. ಆಗ ಜೇ ಫ್ರೀಮನ್ ಅವರು, ಸಹಿ ದೊರೆಯುತ್ತಿರುವಾಗಲೇ ಅದನ್ನು ಪಡೆದು ಸಂಗ್ರಹಿಸಿಡುವ ವ್ಯವಸ್ಥೆಯನ್ನು ಕಲ್ಪಿಸಿದರು. ಜನರು ಇದುವರೆಗೆ ಫರ್ಮ್‌ವೇರಿನ ಪ್ರತಿಯನ್ನು ಕಾಪಾಡುತ್ತಿದ್ದರು. ಈಗ ಅನುಮತಿಯ ಪ್ರತಿಯನ್ನು ಕಾಪಾಡಬೇಕಾಯಿತು. ೨೦೧೧ರಲ್ಲಿ ಐ.ಒ.ಎಸ್. ೫, ಪ್ರತಿಸಲವೂ ಬದಲಾಗುವ ಯಾದೃಚ್ಛಿಕ ಸಂಖ್ಯೆಯೊಂದನ್ನು ಸಹಿಗೆ ಹೊಂದಿಸಿ ಈ ಉಪಾಯವನ್ನೂ ಬಹುಮಟ್ಟಿಗೆ ನಿಷ್ಫಲಗೊಳಿಸಿತು. ಸೋನಿಯ ಎಕ್ಸ್‌ಪೀರಿಯಾ ಫೋನುಗಳಲ್ಲಿ ನಡೆದುದು ಇನ್ನೂ ಬೋಧಪ್ರದವಾದುದು: ಬೂಟ್‌ಲೋಡರನ್ನು ತೆರೆಯಲು ಕಂಪನಿಯೇ ಸಂಕೇತವನ್ನು ಕೊಡುತ್ತಿತ್ತು, ಆದರೆ ತೆರೆದ ಕ್ಷಣದಲ್ಲಿ ಟಿ.ಎ. ಎಂಬ ವಿಭಾಗದ ಕೀಲಿಗಳು ಅಳಿದುಹೋಗಿ, ಕೆಲವು ಮಾದರಿಗಳಲ್ಲಿ ಮಂದ ಬೆಳಕಿನ ಚಿತ್ರಗಳ ಗುಣವೇ ಕುಂದುತ್ತಿತ್ತು. ಆ ವಿಭಾಗವನ್ನು ಮುಂಚಿತವಾಗಿ ಓದಿಟ್ಟುಕೊಂಡಿದ್ದವರು ಮಾತ್ರ, ಬೇಡವೆನಿಸಿದಾಗ ಮರಳಿ ಬರೆದು, ಫೋನನ್ನು ಮೊದಲಿನಂತೆ ಮಾಡಿಕೊಳ್ಳಬಲ್ಲವರಾದರು.

ಓದುವ ವಿದ್ಯೆಗೆ ನಿರ್ಣಾಯಕವಾದ ಪೆಟ್ಟು ಬಿದ್ದುದು ಮಾತ್ರ ಗುಪ್ತಲೇಖನದಿಂದ. ೨೦೧೫ರ ಆಂಡ್ರಾಯ್ಡ್ ೬, ಸಮರ್ಥವಾದ ಹೊಸ ಫೋನುಗಳಲ್ಲಿ ಬಳಕೆದಾರನ ಸಮಸ್ತ ದತ್ತಾಂಶವೂ ಗೂಢಲಿಪಿಯಲ್ಲಿರತಕ್ಕದ್ದೆಂದು ವಿಧಿಸಿತು. ಮರುವರ್ಷ ಆಂಡ್ರಾಯ್ಡ್ ೭ ಫೈಲಿಗೊಂದು ಕೀಲಿಯ ಕ್ರಮವನ್ನು ತಂದಿತು. ಕೀಲಿಯ ಮೂಲವು ಚಿಪ್ಪಿನ ಸುರಕ್ಷಿತ ಕೋಣೆಯನ್ನು ಬಿಟ್ಟು ಹೊರಬಾರದಾದುದರಿಂದ, ಸ್ಮೃತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡರೂ ಕೈಗೆ ಬರುವುದು ಅರ್ಥವಿಲ್ಲದ ಅಕ್ಷರರಾಶಿ. ೨೦೧೧ರಲ್ಲಿ ಆಂಡ್ರಾಯ್ಡ್ ೪ರೊಡನೆ ಬಂದ, ಕಂಪ್ಯೂಟರಿನಿಂದಲೇ ಬ್ಯಾಕಪ್ ತೆಗೆಯುವ ಎ.ಡಿ.ಬಿ. ಆಜ್ಞೆಯೂ ೨೦೨೧ರ ಆಂಡ್ರಾಯ್ಡ್ ೧೨ರ ಹೊತ್ತಿಗೆ ನಿಸ್ತೇಜವಾಯಿತು. ಇತ್ತ ಬರೆಯುವ ವಿದ್ಯೆ ರಾಜಮಾರ್ಗವನ್ನೇ ಹಿಡಿಯಿತು. ಗೂಗಲು ತನ್ನ ಫೋನುಗಳ ಪೂರ್ಣ ಫರ್ಮ್‌ವೇರನ್ನು ತಾನೇ ಬಹಿರಂಗವಾಗಿ ಒದಗಿಸಿತು. ಇಂದು ಕ್ರೋಮ್ ಬ್ರೌಸರನ್ನು ತೆರೆದು, ಕೇಬಲು ಚುಚ್ಚಿ, ಎರಡು ಮೂರು ಗುಂಡಿಗಳನ್ನೊತ್ತಿದರೆ ಪಿಕ್ಸೆಲ್ ಫೋನಿಗೆ ಹೊಸ ಫರ್ಮ್‌ವೇರು ಬರೆಯಲ್ಪಡುತ್ತದೆ. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದು ಓಡುತ್ತಿರುವಾಗ ಇನ್ನೊಂದನ್ನು ತಿದ್ದುವ ಎ-ಬಿ ವಿಭಾಗಕ್ರಮವು, ಅಪ್‌ಡೇಟು ನಡುವೆ ನಿಂತರೆ ಫೋನು ಸಾಯುವುದೆಂಬ ಹಳೆಯ ಭಯವನ್ನು ಬಹುಮಟ್ಟಿಗೆ ಅಳಿಸಿದೆ. ಆದರೆ ಹಿಂದಕ್ಕೆ ಹೋಗುವ ಸ್ವಾತಂತ್ರ್ಯಕ್ಕೆ ಅಲ್ಲಿಯೂ ಮಿತಿಯುಂಟು: ೨೦೨೨ರಲ್ಲಿ ಆಂಡ್ರಾಯ್ಡ್ ೧೩ಕ್ಕೆ ಏರಿದ ಪಿಕ್ಸೆಲ್ ೬ ಫೋನುಗಳು ಹಿಂದಿನ ಆವೃತ್ತಿಗೆ ಇಳಿಯದಂತೆ ಬೂಟ್‌ಲೋಡರಿನಲ್ಲಿಯೇ ತಡೆಯೊಡ್ಡಲಾಯಿತು.

ಈ ಬದಲಾವಣೆಯನ್ನು ತಯಾರಕರ ಕುತಂತ್ರವೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಕದ್ದ ಫೋನನ್ನು ಮೇಜಿನ ಮೇಲಿಟ್ಟು ಕೇಬಲು ಚುಚ್ಚಿ, ಒಡೆಯನ ಪತ್ರಗಳನ್ನೂ ಚಿತ್ರಗಳನ್ನೂ ಬ್ಯಾಂಕಿನ ವಿವರಗಳನ್ನೂ ಇಡಿಯಾಗಿ ಇಳಿಸಿಕೊಳ್ಳಬಲ್ಲ ಶಕ್ತಿಯು, ರಿಪೇರಿಯವನಿಗೆ ದೊರೆತಷ್ಟೇ ಸುಲಭವಾಗಿ ಕಳ್ಳನಿಗೂ ದೊರೆಯುತ್ತಿತ್ತು. ಆ ದ್ವಾರವು ಮುಚ್ಚಿದುದರಿಂದ ಕೋಟ್ಯಂತರ ಸಾಮಾನ್ಯರು ನೆಮ್ಮದಿ ಪಡೆದಿರುವುದೂ ಸತ್ಯ. ಆದರೆ ರಕ್ಷಣೆಗೂ ಪ್ರತಿಗೂ ಸಹಜವೈರವಿದೆಯೆಂದು ತಿಳಿಯುವುದು ತಪ್ಪು. ಬರೆಯುವ ವಿಷಯದಲ್ಲಿ ಅತ್ಯಂತ ಕಠಿಣವಾದ ಆಪಲ್ ಸಂಸ್ಥೆಯೇ, ಬಳಕೆದಾರನು ತಾನೇ ಆರಿಸಿದ ಗುಪ್ತಪದದಿಂದ ಬೀಗ ಹಾಕಿ, ತನ್ನ ದತ್ತಾಂಶದ ಪ್ರತಿಯನ್ನು ತನ್ನ ಕಂಪ್ಯೂಟರಿನಲ್ಲಿಯೇ ಇಟ್ಟುಕೊಳ್ಳುವ ಅನುಕೂಲವನ್ನು ಇಂದಿಗೂ ಉಳಿಸಿಕೊಂಡು ಬಂದಿದೆ. ಅದು ಹಳೆಯ ನ್ಯಾಂಡ್ರಾಯ್ಡಿನಂತೆ ಇಡಿಯ ಫೋನಿನ ಪಡಿಯಚ್ಚಲ್ಲವಾದರೂ, ಕಳ್ಳನಿಗೆ ಸಿಗದೆ ಒಡೆಯನಿಗೆ ಸಿಗುವ ಪ್ರತಿಯೊಂದು ಸಾಧ್ಯವೆಂಬುದಕ್ಕೆ ಸಾಕಾದ ನಿದರ್ಶನ. ಬೇರೆ ಕಡೆಗಳಲ್ಲಿ ಈ ಕೆಲಸವನ್ನು ತಯಾರಕನ ಸರ್ವರು ವಹಿಸಿಕೊಂಡಿದೆ. ಎಂದರೆ ಹಿಂದೆ ಒಡೆಯನ ಮೇಜಿನಲ್ಲಿದ್ದ ಪ್ರತಿಯು ಈಗ ಮಾರಿದವನ ಉಗ್ರಾಣದಲ್ಲಿದೆ.

೨೦೨೨ರ ಡಿಸೆಂಬರಿನಲ್ಲಿ ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ರಿಪೇರಿಯ ಹಕ್ಕಿನ ವಿಚಾರವಾಗಿ ಪೋರ್ಟಲೊಂದನ್ನು ಆರಂಭಿಸಿದಂದಿನಿಂದ, ಬಿಡಿಭಾಗಗಳ ಲಭ್ಯತೆ, ವಾರಂಟಿ, ಸೇವಾಕೇಂದ್ರಗಳು, ಇವುಗಳ ಚರ್ಚೆಯು ನಮ್ಮಲ್ಲಿಯೂ ನಡೆಯುತ್ತಿದೆ. ಆ ಚರ್ಚೆಗೆ ಈ ಕಸುಬಿನ ಇತಿಹಾಸವು ಸೇರಿಸಬಲ್ಲ ಒಂದು ಮಾತುಂಟು. ಪರದೆಯೂ ಬ್ಯಾಟರಿಯೂ ಕೆಟ್ಟರೆ ಅವಕ್ಕೆ ಬದಲಿಯುಂಟು. ಫರ್ಮ್‌ವೇರು ಕೆಟ್ಟರೆ ಅದನ್ನು ಕೊಡಲು ತಯಾರಕನು ಈಗ ಸಿದ್ಧನಾಗಿಯೇ ಇದ್ದಾನೆ. ಬದಲಿಯಿಲ್ಲದಿರುವುದು ಒಡೆಯನೊಬ್ಬನಿಗೇ ಸೇರಿದ ಬರಹಕ್ಕೆ ಮಾತ್ರ. ಅದರ ಪ್ರತಿಯನ್ನು ತನ್ನ ಕೀಲಿಯಿಂದ ಭದ್ರಪಡಿಸಿ, ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಅನುಕೂಲವಿಲ್ಲದ ಫೋನು, ಎಷ್ಟು ಸಲ ಹೊಸದಾಗಿ ಬರೆಯಲ್ಪಟ್ಟರೂ, ಪೂರ್ಣವಾಗಿ ರಿಪೇರಿಯಾಗಬಲ್ಲ ವಸ್ತುವೆನಿಸಲಾರದು.